ಲೋವರ್ ಹಟ್‌ನ ಹೊಯ್ಸಳರು

ಗರ್ರ್... ಗರ್ರ್... ಕಲ್ಲಿನ ಮೇಲೆ ಕಲ್ಲು ಉರುಳುವ ಆ ಸದ್ದು ಇನ್ನೂ ಕಿವಿಯಲ್ಲಿದೆ. 2016ರ ಜನವರಿ, ಅಂದರೆ ದಕ್ಷಿಣಾರ್ಧಗೋಳದ ಈ ದೇಶದಲ್ಲಿ ಬೇಸಿಗೆ. ಲೋವರ್ ಹಟ್ ಆಚೆಯ ಫಾರ್ಮ್ ಒಂದರಲ್ಲಿ, ಹನ್ನೆರಡು ಹಸುಗಳ ಎದುರು, ನನ್ನ ಗೆಳತಿ ಶಾಹಿದಾ ಕಾಯಿ ಚಟ್ನಿ ಅರೆಯುತ್ತಿದ್ದರು.

ಇಬ್ಬರಿಗೂ ಎಪ್ಪತ್ತು ದಾಟಿತ್ತು. ನಗಬೇಡಿ.

ಶಾಹಿದಾ ಮುಂದಿನ ತಿಂಗಳು ಆರುನೂರು ಕಿಲೋಮೀಟರ್ ದೂರದ ಪಾಪಕುರಾಕ್ಕೆ, ಮಗಳ ಮನೆಗೆ, ಫಾರ್ ಗುಡ್ ಹೊರಟಿದ್ದರು. ಹತ್ತು ವರ್ಷದ ವಾಕಿಂಗ್ ಪಾರ್ಟ್‌ನರ್. ಹೇಗೆ ತಡೆಯಲಿ? ಆಗ ಕಣ್ಣಿಗೆ ಬಿದ್ದದ್ದು ಬೇಲಿ ಪಕ್ಕದ ಆ ಬೂದು ಕಲ್ಲು. ನಡುವೆ ನುಣ್ಣನೆಯ ಕುಳಿ. ಥೇಟ್ ಒರಳು.

"ಹೊಯ್ಸಳರ ಫಿನಿಶಿಂಗ್ ನೋಡಿ," ಎಂದೆ. (ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದು ಬರೀ ಇಂಗ್ಲೆಂಡಿನ ರಾಜರನ್ನು. ಹೊಯ್ಸಳರು ನನ್ನ ಓನ್ ಸ್ಟಡಿ.)

"ಸುಮ್ನಿರ್ರಿ. ಇದು ಚಾಲುಕ್ಯರದು," ಎಂದರು ಗದಗಿನ ಶಾಹಿದಾ. "ನಿಮ್ಮ ಹೊಯ್ಸಳರು ಸಮುದ್ರ ಯಾವಾಗ ನೋಡಿದ್ರು?"

"ಅದನ್ನೇ ಪತ್ತೆ ಮಾಡ್ಬೇಕು. ರಿಸರ್ಚ್ ಅರ್ಧಕ್ಕೆ ಬಿಟ್ಟು ಹೇಗೆ ಹೋಗ್ತೀರಾ?"

ಅವರು ಯೋಚಿಸಿದರು. ನನಗೆ ಅಷ್ಟೇ ಬೇಕಿತ್ತು.

ಇಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಪವಿತ್ರ ಕಲ್ಲಾದರೆ ಮುಟ್ಟಬಾರದಲ್ಲ? ರೈತನನ್ನು ಕೇಳಿದೆವು. "ನೋ ನೋ, ದಟ್ಸ್ ಮೈನ್. ಹೆಲ್ಪ್ ಯುವರ್‌ಸೆಲ್ವ್ಸ್, ಲೇಡೀಸ್," ಎಂದು ತನ್ನ ಯೂಟ್ (ನಮ್ಮ ಪಿಕಪ್ ಗಾಡಿ) ಹತ್ತಿ ಹೋದ.

ಅರೆದು ನೋಡುವುದೇ ಪ್ರೂಫ್ ಎಂದು ತೀರ್ಮಾನಿಸಿದೆವು. ಕಾಯಿ, ಹಸಿಮೆಣಸು, ಹೊಳೆಯಿಂದ ಆರಿಸಿ ತಂದ ಗುಂಡುಕಲ್ಲು. ಒರಳನ್ನು ತೊಳೆದೆವು (ಆಫ್ ಕೋರ್ಸ್).

ಬೆರಳಲ್ಲಿ ಬಾಯಿಗಿಟ್ಟರೆ ಇಬ್ಬರ ಮುಖವೂ ಕಿವುಚಿಕೊಂಡಿತು.

"ಉಪ್ಪು ಎಷ್ಟು ಸುರುವಿದ್ರಿ?" ಎಂದರು ಶಾಹಿದಾ.

"ನಾನಾ? ಡಬ್ಬಿ ಮನೇಲೇ ಇದೆ. ನೀವೇ ಹಾಕಿರ್ತೀರಿ."

ಹತ್ತು ವರ್ಷದಲ್ಲಿ ಮೊದಲ ಜಗಳ. ಅಷ್ಟರಲ್ಲಿ ಒಂದು ಹಸು ನನ್ನನ್ನು ಭುಜದಿಂದ ಪಕ್ಕಕ್ಕೆ ಸರಿಸಿ (ಸಾರಿ ಕೂಡ ಹೇಳದೆ) ಚಟ್ನಿ ಸಮೇತ ಹೊಯ್ಸಳ ಶಿಲ್ಪವನ್ನು ನೆಕ್ಕತೊಡಗಿತು.

ವಾಪಸ್ ಬಂದ ರೈತ ಹೊಟ್ಟೆ ಹಿಡಿದುಕೊಂಡು ನಕ್ಕ. ಅದು ದನಗಳು ನೆಕ್ಕಲೆಂದು ಇಟ್ಟ ಉಪ್ಪಿನ ಗಡ್ಡೆಯಂತೆ. ಕುಳಿ ಕೆತ್ತಿದ್ದು ಅವುಗಳ ನಾಲಿಗೆ.

"ಮುಗೀತಲ್ರೀ ರಿಸರ್ಚ್," ಎಂದರು ಶಾಹಿದಾ.

"ಆಚೆ ಬೇಲೀಲಿ ಇನ್ನೊಂದಿದೆ."

"ನನ್ನ ತಡೀಲಿಕ್ಕೆ ನೀವು ಏನ್ ಬೇಕಾದ್ರೂ ಹುಡುಕ್ತೀರಿ, ಗೊತ್ತೈತಿ. ಆದ್ರ ನಾ ಹೋಗೂದೈತ್ರೀ."

ಫೆಬ್ರವರಿಯಲ್ಲಿ ಹೊರಟೇಬಿಟ್ಟರು. ಅಳಿಯನ ಕಾರಿನ ಮುಂದಿನ ಸೀಟು, ಮಡಿಲಲ್ಲಿ ಹ್ಯಾಂಡ್‌ಬ್ಯಾಗ್. ರಸ್ತೆ ತುದಿಯ ಸಿಗ್ನಲ್ ಕೆಂಪಾಗಲಿ, ಇನ್ನೊಂದೇ ನಿಮಿಷ ಕಾಣಲಿ ಎಂದು ಗೇಟಿನಲ್ಲಿ ನಿಂತು ಅವರ ದೇವರನ್ನೂ ನಮ್ಮ ದೇವರನ್ನೂ ಬೇಡಿಕೊಂಡೆ. ಕಾರು ತಲುಪುವಷ್ಟರಲ್ಲಿ ಹಸಿರಾಯಿತು. ಶಾಹಿದಾರನ್ನು ನೋಡಿದ್ದು ಅದೇ ಕೊನೆ.

ನನ್ನ ಬಸ್ಸಿಗೆ ಒಂದು ದಿನವೂ ಹಸಿರಾಗದ ಆ ಸಿಗ್ನಲ್ಲಿಗೆ ಅವತ್ತೇನು ಅಷ್ಟು ಅರ್ಜೆಂಟಿತ್ತು?