ಉಚ್ಚೆಗೆ ಚಪ್ಪಾಳೆ

ಮಾರ್ ದೆಲ್ ಪ್ಲಾತಾದ ಕಡಲತೀರದಲ್ಲಿ ಮಗು ಕಳೆದುಹೋದರೆ ಯಾರೂ ಪೊಲೀಸರನ್ನು ಹುಡುಕಿಕೊಂಡು ಹೋಗುವುದಿಲ್ಲ. ಅಳುತ್ತಿರುವ ಮಗುವನ್ನು ಮೊದಲು ಕಂಡವರು ಅದನ್ನು ಹೆಗಲ ಮೇಲೆ ಕೂರಿಸಿಕೊಂಡು ಚಪ್ಪಾಳೆ ತಟ್ಟುವಂತೆ ಸುತ್ತಲಿನವರಿಗೆ ಹೇಳುತ್ತಾರೆ. ಪಕ್ಕದ ಕೊಡೆಯ ನೆರಳಲ್ಲಿದ್ದವರು ತಟ್ಟುತ್ತಾರೆ, ಅವರ ಪಕ್ಕದವರೂ ತಟ್ಟುತ್ತಾರೆ, ಎಣ್ಣೆ ಹಚ್ಚಿಕೊಂಡು ಬೋರಲು ಮಲಗಿದ್ದವರೂ ಎದ್ದು ಕೂತು ತಟ್ಟುತ್ತಾರೆ. ತಾಯಿಯೋ ತಂದೆಯೋ ಓಡಿಬಂದು ಮಗುವನ್ನು ಇಳಿಸಿಕೊಳ್ಳುವವರೆಗೆ ಅದು ನಿಲ್ಲುವಂತಿಲ್ಲ. ಮಿರ್ತಾ ಬುಸ್ತೊಸ್ ಆರು ವರ್ಷದವಳಿದ್ದಾಗ ಹೀಗೆ ಐಸ್‌ಕ್ರೀಂ ಮಾರುವವನ ಹೆಗಲೇರಿ ಅರ್ಧ ತೀರ ಸುತ್ತಿದ್ದಳು. ಅಪ್ಪ ಸಿಕ್ಕಿದ ಮೇಲೂ ಇಳಿಯುವುದಿಲ್ಲವೆಂದು ರಂಪ ಮಾಡಿದ್ದಳಂತೆ.

ಅದೇ ಚಪ್ಪಾಳೆಯನ್ನು ಅವಳು ಮುಂದೆ ಮಕ್ಕಳ ಆಸ್ಪತ್ರೆಯ ಕಿಡ್ನಿ ವಾರ್ಡಿಗೆ ತಂದಳು. ಅಲ್ಲಿ ಅವಳು ಮೂವತ್ತೊಂದು ವರ್ಷ ನರ್ಸು. ಕಿಡ್ನಿ ಮುಷ್ಕರ ಹೂಡಿ ದಿನಗಟ್ಟಲೆ ಒಂದು ಹನಿಯೂ ಹೊಯ್ಯದ ಮಗು ಮೊದಲ ಸಲ ಉಚ್ಚೆ ಹೊಯ್ದಾಗ ಮಿರ್ತಾ ಬಾಗಿಲಲ್ಲಿ ನಿಂತು ಚಪ್ಪಾಳೆ ಶುರು ಮಾಡುತ್ತಿದ್ದಳು. ಕಳೆದುಹೋಗಿದ್ದು ಸಿಕ್ಕಿದೆ ಎಂದು ಉದ್ದದ ಪಡಸಾಲೆಗೆಲ್ಲ ಗೊತ್ತಾಗುತ್ತಿತ್ತು. ಮೂತ್ರ ಎಂಬ ಮಾತು ಕಡತಕ್ಕೆ ಮಾತ್ರ. ಅವಳ ಬಾಯಲ್ಲಿ ಅದು ಉಚ್ಚೆಯೇ, ಅದೂ ಹಬ್ಬದ ಅಡುಗೆಯ ಹೆಸರು ಹೇಳುವಷ್ಟು ಅಕ್ಕರೆಯಿಂದ.

ಆದರೆ ಅವಳ ಚಪ್ಪಾಳೆಗೊಂದು ಕಟ್ಟುಪಾಡಿತ್ತು. ಮೊದಲು ಅಳತೆ, ಆಮೇಲೆ ಪರೀಕ್ಷೆಯ ಪಟ್ಟಿ ಅದ್ದುವುದು, ಕೊನೆಗೆ ಸಂಭ್ರಮ. ಎಳೆಮಕ್ಕಳ ಒದ್ದೆ ಡೈಪರನ್ನು ತಕ್ಕಡಿಗಿಟ್ಟು, ಒಣ ಡೈಪರಿನ ತೂಕ ಕಳೆದು, ಒಂದು ಗ್ರಾಂಗೆ ಒಂದು ಮಿಲಿಲೀಟರ್ ಎಂದು ಬರೆಯುತ್ತಿದ್ದಳು. ಈ ಚಟ ಮನೆಗೂ ಹೋಗಿತ್ತು. ಭಾನುವಾರದ ಊಟಕ್ಕೆ ಬಂದ ಅಳಿಯನಿಗೆ ವೈನ್ ಸುರಿಯುವಾಗ "ನೂರಿಪ್ಪತ್ತು" ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಪಾಪ, ಅವನು ಎರಡನೆಯ ಲೋಟ ಕೇಳುವ ಧೈರ್ಯ ಮಾಡಿದ್ದೇ ಇಲ್ಲ.

ಅವಳ ನಿವೃತ್ತಿಯ ವಾರದಲ್ಲಿ ವಾರ್ಡಿನಲ್ಲಿದ್ದವಳು ನಾಲ್ಕು ವರ್ಷದ ನಸರೇನಾ. ಯಾರದೋ ಹುಟ್ಟುಹಬ್ಬದಲ್ಲಿ ಒಳಗೆ ಸರಿಯಾಗಿ ಬೇಯದ ಕೊಚ್ಚಿದ ಮಾಂಸದ ವಡೆ ತಿಂದಿದ್ದಳು. ಮೊದಲು ರಕ್ತಭೇದಿ, ಆಮೇಲೆ ಕಿಡ್ನಿ ಬಂದ್. ಸೋಂಕು ಹೋಗಿದೆ ಎಂದು ಎರಡು ಸಲ ಖಾತ್ರಿಯಾದ ಮೇಲೆ ಅವಳನ್ನು ಒಂಟಿ ಕೋಣೆಯಿಂದ ವಾರ್ಡಿಗೆ ತಂದಿದ್ದರು. ಹೊಟ್ಟೆಗೆ ಸಣ್ಣ ಕೊಳವೆ ಹಾಕಿ, ಅದರಲ್ಲಿ ಸಕ್ಕರೆ ಬೆರೆತ ದ್ರವ ತುಂಬಿ ಇಳಿಸಿ, ಕಿಡ್ನಿಯ ಕೆಲಸವನ್ನು ಹೊರಗಿನಿಂದ ಮಾಡಿಸುತ್ತಿದ್ದರು. ಹನಿ ಉಚ್ಚೆ ಕಾಣದೆ ಹನ್ನೊಂದು ದಿನವಾಗಿತ್ತು. ಇನ್ನೂ ತಡವಾದಷ್ಟೂ ಕಿಡ್ನಿ ಪೂರ್ತಿ ಏಳುವ ಭರವಸೆ ಕಡಿಮೆ ಎಂದು ಡಾಕ್ಟರು ತಾಯಿ ಗ್ರಿಸೆಲ್ದಾಳಿಗೆ ಮೆಲ್ಲಗೆ ಹೇಳಿದ್ದರು. ಗ್ರಿಸೆಲ್ದಾ ಬಂದರಿನ ಕಾರ್ಖಾನೆಯಲ್ಲಿ ಮೀನು ಸೀಳುವವಳು. ಅವಳ ಪಾಳಿ ಮುಗಿಯುವ ತನಕ ಮಗುವಿನ ಬಳಿ ಕೂರುತ್ತಿದ್ದವನು ಅವಳ ಅಪ್ಪ, ಮುದುಕ ಮೀನುಗಾರ ಅನ್ಸೆಲ್ಮೊ.

ಅನ್ಸೆಲ್ಮೊ ಇದ್ದಲ್ಲಿ ಅವನ ಮಾಟೆಯೂ ಇರಬೇಕು. ಸೋರೆ ಬುರುಡೆಗೆ ಎಲೆಪುಡಿ ತುಂಬಿ, ಬಿಸಿನೀರು ಹೊಯ್ದು, ಕೊಳವೆಯಲ್ಲಿ ಹೀರುವ ಆ ಕಷಾಯವಿಲ್ಲದೆ ಅವನು ಐವತ್ತು ವರ್ಷದಲ್ಲಿ ಒಂದು ದಿನವೂ ಕಡಲಿಗೆ ಇಳಿದಿರಲಿಲ್ಲ. ಆದರೆ ನಸರೇನಾಳಿಗೆ ದಿನಕ್ಕೆ ಎರಡು ಪುಟ್ಟ ಬಟ್ಟಲು ನೀರಷ್ಟೇ. ಬಾಯಾರಿದ ಮಗುವಿನ ಎದುರು ಯಾರೂ ಏನನ್ನೂ ಹೀರಕೂಡದೆಂದು ಮಿರ್ತಾ ಕಟ್ಟಪ್ಪಣೆ ಮಾಡಿದ್ದಳು. ಮಂಗಳವಾರ ಮಗು ನಿದ್ದೆಹೋದಾಗ ಮುದುಕ ಕೋಟಿನೊಳಗಿಂದ ಬುರುಡೆ ತೆಗೆದ. ಎರಡು ಗುಟುಕು ಹೀರುವಷ್ಟರಲ್ಲಿ ಮಿರ್ತಾಳ ಹೆಜ್ಜೆ ಸಪ್ಪಳ ಕೇಳಿತು. ಗಾಬರಿಗೆ ಕೈಗೆ ಸಿಕ್ಕ ಪಾತ್ರೆಗೆ ಬುರುಡೆ ಬಗ್ಗಿಸಿ ಅದನ್ನು ಮತ್ತೆ ಕೋಟಿನೊಳಗೆ ತುರುಕಿದ. ಆ ಪಾತ್ರೆ, ಮಂಚದ ಕೆಳಗೆ ಹನ್ನೊಂದು ದಿನದಿಂದ ಖಾಲಿ ಕೂತಿದ್ದ ಅಳತೆಯ ಪಾತ್ರೆಯಾಗಿತ್ತು.

ಮಿರ್ತಾ ಬಗ್ಗಿ ನೋಡಿದಳು. ತಿಳಿಹಳದಿ, ಬೆಚ್ಚಗೆ, ಮೂವತ್ತು ಮಿಲಿಲೀಟರ್. ಮೂವತ್ತೊಂದು ವರ್ಷದ ಕಟ್ಟುಪಾಡು ಕಿಟಕಿಯಿಂದ ಹಾರಿಹೋಯಿತು. ಪಟ್ಟಿಯೂ ಅದ್ದದೆ, ಮೂಸಿಯೂ ನೋಡದೆ, ಬಾಗಿಲಿಗೆ ಓಡಿ ತಟ್ಟತೊಡಗಿದಳು. ಅಡುಗೆಯವರು ತಟ್ಟಿದರು, ಕಾವಲಿನವನು ತಟ್ಟಿದ, ತಾನು ಬಗ್ಗಿಸಿದ್ದು ಅದೇ ಪಾತ್ರೆಗೆಂದು ಹೊಳೆಯದೆ, ಮೊಮ್ಮಗಳು ತಾನು ಕಾಣದಾಗ ಎದ್ದು ಹೊಯ್ದಳೆಂದು ನಂಬಿ ಅನ್ಸೆಲ್ಮೊ ಅಳುತ್ತಾ ಎಲ್ಲರಿಗಿಂತ ಜೋರಾಗಿ ತಟ್ಟಿದ. ಯಾರೋ ಕಾರ್ಖಾನೆಗೆ ಫೋನ್ ಮಾಡಿದರು. ಗ್ರಿಸೆಲ್ದಾ ಮೀನಿನ ಪೊರೆ ಅಂಟಿದ ಏಪ್ರನ್ನಿನಲ್ಲೇ ಓಡಿಬಂದು ಮೆಟ್ಟಿಲು ಹತ್ತುವಾಗ ಮಿರ್ತಾ ಪಟ್ಟಿ ಅದ್ದುತ್ತಿದ್ದಳು. ಪಟ್ಟಿ ಪೆಚ್ಚಗೆ ಬಣ್ಣ ಬದಲಿಸದೆ ಕೂತಿತು. ಪಾತ್ರೆಯಲ್ಲಿ ಒಂದು ಹಸಿರು ಎಲೆಚೂರು ತೇಲಿತು.

ಅನ್ಸೆಲ್ಮೊ ಕೋಟಿನ ಗುಂಡಿ ಬಿಚ್ಚಿ ಬುರುಡೆ ತೋರಿಸಿದ.

ಗ್ರಿಸೆಲ್ದಾ ಏಪ್ರನ್ ಬಿಚ್ಚಿ ಮಡಚಿದಳು, ಮತ್ತೆ ಬಿಚ್ಚಿ ಮತ್ತೆ ಮಡಚಿದಳು. ಅದನ್ನು ನೋಡುವುದಕ್ಕಿಂತ ನಾಲ್ಕು ಏಟು ತಿನ್ನುವುದು ವಾಸಿ ಅನ್ನಿಸಿತು ಮಿರ್ತಾಳಿಗೆ. ಈ ಸುಳ್ಳು ಚಪ್ಪಾಳೆಯೇ ತನ್ನ ಕೊನೆಯದಾದರೆ ಯಾವ ಮುಖ ಹೊತ್ತು ಮನೆಗೆ ಹೋಗುವುದು?

ಶುಕ್ರವಾರ ಬಂತು, ಕೊನೆಯ ದಿನ. ಸಿಬ್ಬಂದಿ ಕೇಕ್ ತಂದಿದ್ದರು. ನಸರೇನಾ ಮಾತ್ರ ತುಟಿ ಉಬ್ಬಿಸಿ ಕೂತಿದ್ದಳು.

"ಅವತ್ತು ನೀನು ಮಾಡಿದ್ದು ತಪ್ಪು. ಚಪ್ಪಾಳೆ ಹೊಡ್ದೆ, ಆದ್ರೆ ನನ್ನ ಹೆಗಲ ಮೇಲೆ ಕೂರಿಸ್ಲೇ ಇಲ್ಲ. ಹಂಗಾದ್ರೆ ನನ್ನ ಹುಡುಕ್ಕೊಂಡು ಬರೋ ಉಚ್ಚೆಗೆ ನಾನು ಹೆಂಗೆ ಕಾಣಿಸ್ತೀನಿ?"

ಮಿರ್ತಾ ಡಾಕ್ಟರರ ಮುಖ ನೋಡಿದಳು. ಹೊಟ್ಟೆಯ ದ್ರವವನ್ನು ಆಗತಾನೇ ಪೂರ್ತಿ ಇಳಿಸಿದ್ದರು, ಕೊಳವೆಗೆ ಬಿರಡೆ ಹಾಕಿ ಬ್ಯಾಂಡೇಜು ಸುತ್ತಿದ್ದರು. ಡಾಕ್ಟರು ಕೇಕ್ ತುಂಬಿದ ಬಾಯಲ್ಲೇ ತಲೆಯಾಡಿಸಿದರು. ಮಿರ್ತಾ ಮಗುವನ್ನು ಒಂದು ಹೆಗಲಿಗೆ ಏರಿಸಿದಳು, ಬೀಳದಂತೆ ಅನ್ಸೆಲ್ಮೊ ಹಿಂದಿನಿಂದ ಬೆನ್ನಿಗೆ ಕೈಕೊಟ್ಟ. ಮೂವರೂ ರಾಜಠೀವಿಯಲ್ಲಿ ಪಡಸಾಲೆಗೆ ಹೊರಟರು. ಕಿಟಕಿಯ ತನಕ ಹೋದರು, ತಿರುಗಿದರು, ಅಡುಗೆಮನೆಯ ಬಾಗಿಲು ದಾಟಿದರು. ನಸರೇನಾ ಎರಡೂ ಕಡೆ ಕೈಬೀಸುತ್ತಿದ್ದಳು. ಮೂರನೆಯ ಸುತ್ತಿಗೆ ಮಿರ್ತಾಳ ಹೆಗಲು ಬೆಚ್ಚಗಾಯಿತು. ಆಮೇಲೆ ಬೆನ್ನು. ಆಮೇಲೆ ಮೊಣಕೈಯಿಂದ ತೊಟ್ಟಿಕ್ಕಿತು.

ಕಾವಲಿನವನ ಕೈಗಳು ಮೇಲೆದ್ದವು.

"ಯಾರೂ ತಟ್ಬೇಡಿ," ಅಂದಳು ಮಿರ್ತಾ. "ತಾತ, ಮಗೂನ ನಿಮ್ಮ ಹೆಗಲಿಗೆ ತಗೊಳ್ಳಿ. ನೆಲ ಯಾರೂ ತುಳೀಬೇಡಿ."

ನೆಲದ ಮೇಲಿದ್ದದ್ದನ್ನು, ಮೊದಲೇ ತೂಗಿದ ಒಣ ಹತ್ತಿಬಟ್ಟೆಯಿಂದ ಒತ್ತಿ ತೆಗೆದಳು. ತೆರೆಯ ಹಿಂದೆ ಹೋಗಿ ಒದ್ದೆ ಅಂಗಿ ಕಳಚಿದಳು. ತನ್ನ ಬೀರುವಿನಲ್ಲಿದ್ದ ಅದೇ ಅಳತೆಯ ಇನ್ನೊಂದು ಅಂಗಿಯನ್ನು ಮೊದಲು ತಕ್ಕಡಿಗಿಟ್ಟು, ಆಮೇಲೆ ತೊಟ್ಟುಕೊಂಡಳು. ಎರಡು ಸಲ ತೂಗಿ, ಎರಡು ಸಲ ಕಳೆದಳು. ಒದ್ದೆ ಅಂಗಿಯ ತೋಳನ್ನು ಪರೀಕ್ಷೆಯ ಪಟ್ಟಿಯ ಮೇಲೆ ಹಿಂಡಿದಳು. ಸಕ್ಕರೆ ಇಲ್ಲ, ಹಾಗಾಗಿ ಇದು ಹೊಟ್ಟೆಯಿಂದ ಸೋರಿದ ದ್ರವವಲ್ಲ. ಪ್ರೋಟೀನ್ ಇದೆ, ನೊಂದ ಕಿಡ್ನಿಯ ಗುರುತು. ಮೂಸಿಯೂ ನೋಡಿದಳು. ಪಡಸಾಲೆಯ ತುಂಬ ಜನ ಅಂಗೈಗಳನ್ನು ಒಂದು ಗೇಣು ದೂರ ಹಿಡಿದು ನಿಂತಿದ್ದರು.

"ನಲವತ್ತೆರಡು," ಅಂದಳು ಮಿರ್ತಾ. "ಅಪ್ಪಟ ಉಚ್ಚೆ."

ಗೋಡೆ ಬಿರಿಯುವಂತೆ ಚಪ್ಪಾಳೆ ಎದ್ದಿತು. ಮಂಗಳವಾರದ್ದು ನೆನಪಿದ್ದುದರಿಂದ ಕಾರ್ಖಾನೆಗೆ ಫೋನ್ ಮಾಡಲು ಯಾರಿಗೂ ಮನಸ್ಸಾಗಲಿಲ್ಲ. ಹೇಗೂ ಗ್ರಿಸೆಲ್ದಾಳ ಪಾಳಿ ಎರಡು ಗಂಟೆಗೇ ಮುಗಿದಿತ್ತು, ಅವಳು ಬಸ್ಸಿನಲ್ಲಿರಬೇಕು. ತಾಯಿ ಬರುವ ತನಕ ನಿಲ್ಲಿಸಬಾರದು ಎಂದು ಮಿರ್ತಾ ಅಪ್ಪಣೆ ಕೊಟ್ಟಳು. ಕೈ ನೊಂದವರು ಪಕ್ಕದವರಿಗೆ ಸರದಿ ಕೊಟ್ಟರು. ಡಾಕ್ಟರು ಕೇಕಿನ ತಟ್ಟೆ ಕೆಳಗಿಟ್ಟು ತಟ್ಟಿದರು. ಕೈಗೆ ಸೂಜಿ ಚುಚ್ಚಿಸಿಕೊಂಡಿದ್ದ ಮಕ್ಕಳು ತೊಡೆ ತಟ್ಟಿಕೊಂಡರು. ಅನ್ಸೆಲ್ಮೊನ ಎರಡೂ ಕೈ ಮೊಮ್ಮಗಳ ಕಾಲು ಹಿಡಿದಿದ್ದರಿಂದ ಅವನು ನೆಲಕ್ಕೆ ಬೂಟುಗಾಲು ಕುಟ್ಟಿದ.

ಇಪ್ಪತ್ತು ನಿಮಿಷಕ್ಕೆ ಗ್ರಿಸೆಲ್ದಾ ಬಂದಳು. ಬಿಳಿ ರಬ್ಬರ್ ಬೂಟು, ಮೀನಿನ ವಾಸನೆ. ಸದ್ದು ಬೀದಿಗೇ ಕೇಳಿತ್ತು, ಆದರೆ ಈ ಸಲ ಓಡಿರಲಿಲ್ಲ. ಒಂದೊಂದೇ ಮೆಟ್ಟಿಲು ಹತ್ತಿ ಬಂದು ದೂರವೇ ನಿಂತಳು.

"ನಿಜಾನಾ?"

"ನಾನೇ ತೂಗಿದ್ದೀನಿ ಕಣೇ, ತಗೋ ನಿನ್ ಮಗೂನ," ಅಂದಳು ಮಿರ್ತಾ.

ಗ್ರಿಸೆಲ್ದಾ ಮುಂದೆ ಬಂದು ಅಪ್ಪನ ಹೆಗಲಿಂದ ಮಗಳನ್ನು ಇಳಿಸಿ ಎದೆಗವಚಿಕೊಂಡಳು. ತೀರದ ಕಟ್ಟಳೆಯಂತೆ ಚಪ್ಪಾಳೆ ತಟ್ಟನೆ ನಿಂತಿತು. ಆ ಮೌನದಲ್ಲಿ, ಅವಳ ಬಿಳಿ ಬೂಟಿನೊಳಗೆ ಏನೋ ಸುರಿಯುವ ಸಣ್ಣ ಸದ್ದು ಎಲ್ಲರಿಗೂ ಕೇಳಿಸಿತು.

ಗ್ರಿಸೆಲ್ದಾ ಅಳುತ್ತಾ ನಗುತ್ತಾ ಕಾಲು ಎತ್ತಹೋದಳು.

"ಅಲ್ಲಾಡ್ಬೇಡ," ಅಂದಳು ಮಿರ್ತಾ, ಆಗಲೇ ಮಂಡಿಯೂರಿ ಕೂತು. "ಮೆಲ್ಲಗೆ ಬಿಚ್ಚು. ಆ ಬೂಟನ್ನೂ ತೂಗ್ಬೇಕು."