ಮಾಣಿಕ್ಯಂ ಮಾಸ್ಟರಿಗೊಂದು ಪುಸ್ತಕ

ಪುಸ್ತಕವನ್ನು ನಾನು ಬಸ್ಸಿನಲ್ಲೇ ಮರೆತು ಇಳಿದುಬಿಡಬಹುದಿತ್ತು. ಮರೆಯದೆ ತಂದರೂ ಮಾಸ್ಟರು ಆ ಹೊತ್ತಿಗೆ ಊಟಕ್ಕೆ ಹೋಗಿರಬಹುದಿತ್ತು. ಊಟಕ್ಕೆ ಹೋಗದಿದ್ದರೂ ಅಂಗಡಿಯ ತುಂಬ ಮದುವೆ ಗಿರಾಕಿಗಳು ಕೂತಿದ್ದು, ನಾನು ಕಂಕುಳಲ್ಲಿ ಪುಸ್ತಕ ಅವುಚಿಕೊಂಡು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಬೇಕಾಗಬಹುದಿತ್ತು. ಅವರು ಅದನ್ನು ಆಗಲೇ ಓದಿರಬಹುದಿತ್ತು. ಓದಿ, ಬೇಡವೆಂದು ಬಿಟ್ಟಿರಬಹುದಿತ್ತು. ನನ್ನ ಮುಖ ನೋಡಿ ತೆಗೆದುಕೊಂಡು, ಅಲುಗಾಡುವ ಹೊಲಿಗೆ ಯಂತ್ರದ ಕಾಲಿನಡಿಗೆ ಇಟ್ಟುಬಿಡಬಹುದಿತ್ತು. ನಲವತ್ತನೆಯ ಪುಟದ ಹೊತ್ತಿಗೆ ಸಪ್ಪೆಯೆನಿಸಬಹುದಿತ್ತು. ನಿಜ ಹೇಳಬೇಕೆಂದರೆ ಆ ಪುಟ ಸಪ್ಪೆಯಾಗಿಯೇ ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ನಾನು ಮೂರು ಸಲ ಜರಡಿ ಹಿಡಿದರೂ ಕಣ್ಣುತಪ್ಪಿ, ಆ ಪುಸ್ತಕದ ಯಾವುದೋ ಮೂಲೆಯಲ್ಲಿ ಯಾರಾದರೊಬ್ಬರು ಸತ್ತಿರಬಹುದಿತ್ತು.

ಈ ಕೊನೆಯ ಭಯ ಓದುಗರಿಗೆ ವಿಚಿತ್ರವಾಗಿ ಕಾಣಬಹುದು. ಕಥೆಯ ಪುಸ್ತಕದಲ್ಲಿ ಸಾವು ಬರದೆ ಇನ್ನೆಲ್ಲಿ ಬರುತ್ತದೆ ಎಂದು ನನ್ನ ಹೆಂಡತಿಯೂ ಕೇಳಿದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಕಮರ್ಷಿಯಲ್ ಸ್ಟ್ರೀಟಿನಿಂದ ಶಿವಾಜಿನಗರದ ಕಡೆಗೆ ಇಳಿಯುವ ಒಂದು ಸಂದಿಯಲ್ಲಿ ಮಾಣಿಕ್ಯಂ ಮಾಸ್ಟರ ದರ್ಜಿ ಅಂಗಡಿ ಇದೆ. ಎರಡು ಯಂತ್ರ, ಒಂದು ಕತ್ತರಿಸುವ ಮೇಜು, ಗಿರಾಕಿಗಳಿಗೆ ಒಂದು ಬೆಂಚು. ಮೇಜಿನ ಮೇಲಿನ ಹಲಗೆಯಲ್ಲಿ, ಬಟ್ಟೆಯ ಸುರುಳಿಗಳಿರಬೇಕಾದ ಜಾಗದಲ್ಲಿ ಸುಮಾರು ಅರವತ್ತು ಕನ್ನಡ ಪುಸ್ತಕಗಳು. ಒಂದೊಂದಕ್ಕೂ ಕೋಟಿನ ಒಳಬಟ್ಟೆಯ ಚೂರುಗಳಿಂದ ಹೊಲಿದ ಅಂಗಿ. ಹಾಗಾಗಿ ಹೊರಗಿನಿಂದ ನೋಡಿದರೆ ಯಾವ ಪುಸ್ತಕ, ಯಾರು ಬರೆದದ್ದು ಎಂದು ತಿಳಿಯುವಂತಿಲ್ಲ. ಮಾಸ್ಟರಿಗೆ ಮಾತ್ರ ಗೊತ್ತು. ಮನೆಮಾತು ತಮಿಳು. ಕನ್ನಡ ಕಲಿತದ್ದು ಹರೆಯದಲ್ಲಿ, ಪಕ್ಕದ ಅಂಗಡಿಯಲ್ಲಿ ಬೋರ್ಡು ಬರೆಯುತ್ತಿದ್ದವನ ಹತ್ತಿರ. ಮೊದಲು ಕಲಿತ ಅಕ್ಷರಗಳು ಒಂದೊಂದು ಅಡಿ ಎತ್ತರವಿದ್ದವಂತೆ. 'ಆಮೇಲೆ ಪುಸ್ತಕ ತೆಗೆದ್ರೆ ಇರುವೆ ಸಾಲು ನೋಡ್ದಂಗಾಯ್ತು ಸಾರ್' ಎನ್ನುತ್ತಾರೆ.

ಅವರ ಪುಸ್ತಕ ಕೊಡುವ ಕ್ರಮವನ್ನು ನೆನೆದಾಗಲೆಲ್ಲ ನನ್ನ ಬಗ್ಗೆ ನನಗೇ ನಾಚಿಕೆಯಾಗುತ್ತದೆ. ನಾವು ಓದುಬಾಕರು ಇನ್ನೊಬ್ಬರಿಗೆ ಪುಸ್ತಕ ಹೇಳುವಾಗ ನಿಜಕ್ಕೂ ಹೇಳುವುದು ನಮ್ಮ ವಿಷಯವನ್ನೇ. 'ಅದನ್ನು ಓದಲೇಬೇಕು' ಎಂದರೆ 'ಅದನ್ನು ಓದಿದವನನ್ನು ಒಮ್ಮೆ ಕಣ್ಣೆತ್ತಿ ನೋಡಿ' ಎಂದೇ ಅರ್ಥ. ನಮ್ಮ ವಿಮಾ ಕಚೇರಿಗೆ ಹೊಸದಾಗಿ ಬಂದ ಮೇಲಧಿಕಾರಿಯೊಬ್ಬರಿಗೆ ನಾನು ಆರುನೂರು ಪುಟದ ಒಂದು ಕಾದಂಬರಿಯನ್ನು ಬಲವಂತವಾಗಿ ಹೊರಿಸಿದ್ದೆ. ಆಮೇಲೆ ಆರು ತಿಂಗಳು ಆ ಮನುಷ್ಯ ನನ್ನನ್ನು ಕಂಡರೆ ಹಿಂದಿನ ಮೆಟ್ಟಿಲು ಹಿಡಿಯುತ್ತಿದ್ದರು. ವರ್ಗವಾಗಿ ಹೋಗುವ ದಿನ ಪುಸ್ತಕವನ್ನು ಜವಾನನ ಕೈಲಿ ಕಳಿಸಿದರು. ಹನ್ನೆರಡನೆಯ ಪುಟದಲ್ಲಿ ಒಂದು ಹಳೆಯ ಬಸ್ ಟಿಕೆಟ್ ಇತ್ತು. ಪಾಪ, ಅಲ್ಲಿಯವರೆಗೂ ಬಂದಿದ್ದರಲ್ಲ!

ಮಾಸ್ಟರು ಹಾಗಲ್ಲ. ಅವರ ಬಳಿ ಉದ್ದನೆಯ ಅಳತೆ ಪುಸ್ತಕವಿದೆ. ಒಬ್ಬೊಬ್ಬ ಗಿರಾಕಿಗೂ ಒಂದು ಪುಟ. ಮೇಲೆ ಶಾಯಿಯಲ್ಲಿ ಎದೆ, ಸೊಂಟ, ತೋಳು. ಕೆಳಗೆ ಪೆನ್ಸಿಲಿನಲ್ಲಿ ಆ ಮನುಷ್ಯನ ಓದಿನ ಅಳತೆ. ಕದ್ದು ನೋಡಿದವನು ನಾನು, ಕ್ಷಮೆಯಿರಲಿ. ಒಬ್ಬರ ಪುಟದಲ್ಲಿ 'ಅವಸರ, ಸಣ್ಣ ಕಥೆ ಸಾಕು' ಎಂದಿತ್ತು. ಇನ್ನೊಬ್ಬರದರಲ್ಲಿ 'ಅತ್ತೆ ಸೊಸೆ ಜಗಳ ಇದ್ರೆ ಖುಷಿ, ಮನೇಲಿ ಇಲ್ಲ ಅದಕ್ಕೆ'. ನನ್ನ ಪುಟದಲ್ಲಿ ಸೊಂಟದ ಅಳತೆಯನ್ನು ನಾಲ್ಕು ಸಲ ಹೊಡೆದು ಏರಿಸಿ ಬರೆದಿದ್ದರು. ಅದರ ಕೆಳಗೆ: 'ಹೆದರಿಕೆ ಜಾಸ್ತಿ. ಪತ್ತೇದಾರಿ ಬೇಡ.'

ಅವರ ಬಾಯಲ್ಲಿ 'ಒಳ್ಳೆಯ ಪುಸ್ತಕ' ಎಂಬ ಮಾತು ನಾನು ಕೇಳಿಲ್ಲ. ಹಲಗೆಯ ಮೇಲಿನಿಂದ ಒಂದನ್ನು ಇಳಿಸಿ, ನಮ್ಮ ಭುಜವನ್ನೊಮ್ಮೆ ನೋಡಿ, 'ನಿಮಗೆ ಆಗುತ್ತೆ' ಎನ್ನುತ್ತಾರೆ. ಆಗುತ್ತದೆ, ಅಷ್ಟೆ. ಓಲೆಗರಿಯ ಕಾಲದ ಲಿಪಿಕಾರರು ಪ್ರತಿ ಮುಗಿಸಿದ ಮೇಲೆ ಕೊನೆಯಲ್ಲಿ ಒಂದು ಬೇಡಿಕೆ ಬರೆಯುತ್ತಿದ್ದರಂತೆ: ಇದನ್ನು ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಮೂಢನ ಕೈಗೆ ಕೊಡಬೇಡಿ ಎಂದು. ಪುಸ್ತಕವನ್ನು ಓದುಗನಿಂದ ಕಾಪಾಡುವ ಈ ಕಾಳಜಿ ಸರಿಯೇ. ಆದರೆ ಓದುಗನನ್ನು ಪುಸ್ತಕದಿಂದ ಕಾಪಾಡಬೇಕೆಂದು ಯೋಚಿಸಿದವರು ನನಗೆ ತಿಳಿದಂತೆ ಮಾಣಿಕ್ಯಂ ಮಾಸ್ಟರೊಬ್ಬರೇ.

ಅಂಥವರ ಕೈಯೇ ಒಮ್ಮೆ ತಪ್ಪಿತು.

ಸುಬ್ಬರಾಯರೆಂದು ಒಬ್ಬರು, ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಕಾಲೊನಿಯ ಕ್ವಾರ್ಟರ್ಸಿನಲ್ಲಿ ವಾಸ. ಮಾಸ್ಟರ ಹಳೆಯ ಗಿರಾಕಿ, ಶನಿವಾರಗಳಂದು ಅಂಗಡಿಯ ಬೆಂಚಿನಲ್ಲಿ ನನ್ನ ಜೊತೆ ಕೂತು ಹರಟುವ ಗೆಳೆಯ. ಒಂಬತ್ತು ವರ್ಷದ ಮಗಳು ಜ್ವರದಲ್ಲಿ ಹೋಗಿ ಒಂದು ವರ್ಷವಾಗಿತ್ತು. ಅವರು ಶರಟಿಗೆ ಅಳತೆ ಕೊಡಲು ಬಂದಾಗ, ಎದೆ ಎರಡು ಇಂಚು ಇಳಿದಿದ್ದನ್ನು ಮಾಸ್ಟರು ಕಂಡರು. ಈ ಮನುಷ್ಯ ನಗಬೇಕು ಎಂದು ತೀರ್ಮಾನಿಸಿ, ತಾವು ಇಪ್ಪತ್ತು ವರ್ಷದ ಹಿಂದೆ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ ಪುಸ್ತಕವೊಂದನ್ನು ಇಳಿಸಿ ಕೊಟ್ಟರು. ಓದುವವರೆಲ್ಲರೂ ಮಾಡುವ ತಪ್ಪು ಇದೇ. ವರ್ಷಗಳು ಕಳೆದ ಮೇಲೆ ಅಡುಗೆಯದರಂತೆ ಪುಸ್ತಕದ ಘಮ ಉಳಿಯುತ್ತದೆ, ಒಳಗೆ ಹಾಕಿದ್ದ ಸಾಮಾನು ಮರೆತುಹೋಗುತ್ತದೆ. ಇನ್ನೂರು ಪುಟದ ನಗು ಅವರಿಗೆ ನೆನಪಿತ್ತು. ಕೊನೆಯ ಹದಿನೈದು ಪುಟಗಳಲ್ಲಿ ಒಂದು ಪುಟ್ಟ ಹುಡುಗಿ ಜ್ವರದಲ್ಲಿ ಸಾಯುವುದು ಮರೆತಿತ್ತು.

ಸುಬ್ಬರಾಯರು ಮುಂದಿನ ಶನಿವಾರ ಪುಸ್ತಕ ವಾಪಸು ತಂದರು. 'ಚೆನ್ನಾಗಿತ್ತು ಮಾಸ್ಟರ್' ಎಂದು ಮೇಜಿನ ಮೇಲಿಟ್ಟು, ಒಂದು ಕ್ಷಣ ಅದರ ಮೇಲೆ ಕೈಯಿಟ್ಟುಕೊಂಡೇ ನಿಂತು, ಹೊರಟುಹೋದರು. ಆ ಕೈ ನೋಡಿ ಮಾಸ್ಟರಿಗೆ ಏನೋ ಅನುಮಾನ. ಪುಸ್ತಕ ತೆಗೆದು ಕೊನೆ ಓದಿದರು. ಮರುವಾರ ನಾನು ಹೋದಾಗ ಹಲಗೆಗೆ ಅಡ್ಡಲಾಗಿ ಒಂದು ಬೆಡ್‌ಶೀಟು ಇಳಿಬಿಟ್ಟಿದ್ದರು.

'ಬಿಟ್ಬಿಟ್ಟೆ ಸಾರ್' ಎಂದರು. 'ಕೊಡೋದೂ ಬಿಟ್ಟೆ, ಓದೋದೂ ಬಿಟ್ಟೆ. ಅಳತೆ ತಪ್ಪಿದೋನು ಕತ್ತರಿ ಮುಟ್ಬಾರ್ದು.'

ಸುಬ್ಬರಾಯರೇ ಆಮೇಲೊಮ್ಮೆ ಬಂದು, 'ಬೇರೇದೊಂದು ಕೊಡಿ ಮಾಸ್ಟರ್, ಮನೇಲಿ ಹೊತ್ತು ಹೋಗಲ್ಲ' ಎಂದು ಕೇಳಿದರು. ಮಾಸ್ಟರು ತಲೆ ಎತ್ತದೆ, 'ನನ್ನ ಹತ್ರ ನಿಮಗಾಗೋದು ಯಾವ್ದೂ ಇಲ್ಲ ಸಾರ್' ಎಂದರು. ಎದುರಿನ ಗುಂಡಿ-ದಾರದ ಅಂಗಡಿಯ ಬಶೀರ್ ಸಾಬರು ನನ್ನನ್ನು ಪಕ್ಕಕ್ಕೆ ಕರೆದರು. 'ಕ್ಯಾ ಸಾಬ್, ನೀವೆಲ್ಲಾ ಓದಿರೋ ಜನ. ಏನಾದ್ರೂ ಮಾಡಿ. ಓದೋದ್ ಬಿಟ್ಟಾಗಿಂದ ಈ ಮನುಷ್ಯ ದಿನಕ್ಕೆ ಹತ್ ಸಲ ನನ್ ಅಂಗಡಿಗೆ ಬಂದು ಗುಂಡಿ ಎಣಿಸ್ತಾ ಕೂರ್ತಾನೆ.'

ಆರು ತಿಂಗಳು ಹೀಗೇ ನಡೆಯಿತು. ಮಾಸ್ಟರ ಮುಖದಲ್ಲಿ ಏನೋ ಆರಿದಂತಿತ್ತು. ಇನ್ನು ಹೀಗೆಯೇ ಉಳಿದುಬಿಟ್ಟರೆ? ಆ ಪೆನ್ಸಿಲಿನ ಗೆರೆಗಳು ಅಲ್ಲಿಗೇ ನಿಂತುಹೋದರೆ? ಜಗತ್ತಿನಲ್ಲಿ ನಾನು ಚಿಂತಿಸದ ವಿಷಯವಿಲ್ಲ. ಇಂದಿರಾನಗರದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದಾಗ, ಸುತ್ತ ಮನೆಗಳಿಲ್ಲದ್ದರಿಂದ ಗಾಳಿಗೆ ನಮ್ಮ ಮನೆಯೊಂದೇ ಸಿಗುತ್ತದಲ್ಲ ಎಂದು ವರ್ಷವಿಡೀ ಕೊರಗಿದವನು. ಆದರೆ ಅಷ್ಟೂ ವರ್ಷದ ಚಿಂತೆಗಳಲ್ಲಿ ಇದೊಂದು ಮಾತ್ರ ತಕ್ಕ ಕಾರಣವುಳ್ಳದ್ದು ಎಂದು ನನಗನ್ನಿಸಿತು. ಯಾವ ಅಪಾಯವೂ ಇಲ್ಲದ ಒಂದು ಪುಸ್ತಕವನ್ನು ಅವರ ಕೈಗೆ ಕೊಡಬೇಕು. ಭಯಪಡುವುದೇ ಕಸುಬಾದ ನನಗಲ್ಲದೆ ಅಂಥದ್ದನ್ನು ಹುಡುಕಲು ಇನ್ನಾರಿಗೆ ಸಾಧ್ಯ?

ಶಿವಾಜಿನಗರದ ಫುಟ್‌ಪಾತಿನಲ್ಲಿ ಅದು ಸಿಕ್ಕಿತು. ರಟ್ಟು, ಮೊದಲ ಹಾಳೆ ಎರಡೂ ಇಲ್ಲ. ಹೆಸರೂ ಇಲ್ಲ, ಬರೆದವರೂ ಇಲ್ಲ. ಒಬ್ಬ ಸರ್ವೆ ಗುಮಾಸ್ತ ಜಮೀನು ಅಳೆಯುವ ಸರಕಾರಿ ಸರಪಳಿಯನ್ನು ಕಳೆದುಕೊಂಡು ಊರೂರು ಹುಡುಕುತ್ತ ಹೋಗುವ ಕಥೆ. ಒಂದೂರಿನವರು ಹಗ್ಗ ಕೊಡುತ್ತಾರೆ, ಇನ್ನೊಂದೂರಿನವರು ಹೆಜ್ಜೆಯಲ್ಲೇ ಅಳೆಯಿರಿ ಎಂದು ಉದ್ದ ಕಾಲಿನವನೊಬ್ಬನನ್ನು ಜೊತೆಮಾಡುತ್ತಾರೆ. ಕೊನೆಗೆ ಆ ಸರಪಳಿ ಒಂದು ಮನೆಯಲ್ಲಿ ತೊಟ್ಟಿಲು ತೂಗುಹಾಕಲು ಬಳಕೆಯಾಗಿರುವುದು ಕಾಣುತ್ತದೆ. ತೊಟ್ಟಿಲಲ್ಲಿ ಮಗು ಮಲಗಿದೆ. ಗುಮಾಸ್ತ ಮಗು ಏಳಲೆಂದು ಕಾಯುತ್ತ ಕೂರುತ್ತಾನೆ.

ಮೊದಲ ಸಲ ಸಂತೋಷಕ್ಕೆ ಓದಿದೆ. ಎರಡನೆಯ ಸಲ ಪೊಲೀಸಿನಂತೆ ಓದಿದೆ. ಮೂರನೆಯ ಸಲ ಹಿಂದಿನಿಂದ ಮುಂದಕ್ಕೆ ಪುಟ ಮಗುಚಿದೆ. ಒಂದು ಎಮ್ಮೆಗೆ ಕೆಮ್ಮು ಬಂದದ್ದು ಬಿಟ್ಟರೆ ಯಾರಿಗೂ ಏನೂ ಆಗುವುದಿಲ್ಲ. ಆದರೂ ಆ ಮಲಗಿದ ಮಗುವಿನ ಎಂಟು ಪುಟ ನನ್ನನ್ನು ಕಾಡಿತು. ಏಳುತ್ತದೆ, ನಿಜ. ಏಳುವವರೆಗೆ ಮಾಸ್ಟರು ಏನೆಂದುಕೊಂಡಾರು? 'ಹೆದರಬೇಡಿ, ಏಳುತ್ತದೆ' ಎಂದು ಅಂಚಿನಲ್ಲಿ ಬರೆಯಲೇ ಎಂದು ಪೆನ್ಸಿಲು ಹಿಡಿದು ಕೂತಿದ್ದೆ.

ನನ್ನ ಹೆಂಡತಿ ಶಾರದೆ ಒಳಗಿನಿಂದ ಬಂದು ಸೊಂಟದ ಮೇಲೆ ಕೈಯಿಟ್ಟಳು. 'ಏನ್ರೀ, ನೀವು ಪುಸ್ತಕ ಕೊಡ್ತಿದ್ದೀರೋ, ಹೆಣ್ಣು ಕೊಡ್ತಿದ್ದೀರೋ? ನಮ್ಮಪ್ಪ ನಿಮಗೆ ನನ್ನ ಕೊಡೋವಾಗ್ಲೂ ಇಷ್ಟು ವಿಚಾರಿಸ್ಲಿಲ್ಲ.'

'ವಿಚಾರಿಸಿದ್ರೆ ಕೊಡ್ತಿರ್ಲಿಲ್ಲ' ಎಂದೆ.

'ಅದೇ ಹೇಳ್ತಿರೋದು. ಸುಮ್ನೆ ಹೋಗಿ ಕೊಟ್ಬನ್ನಿ.'

ಸುಮ್ಮನೆ ಹೋಗಿ ಕೊಡುವ ಧೈರ್ಯ ನನಗೆಲ್ಲಿಂದ ಬರಬೇಕು? ನೆಪಕ್ಕೊಂದು ಬೂದು ಬಣ್ಣದ ಪ್ಯಾಂಟಿನ ಬಟ್ಟೆ ಕೊಂಡು, ಅದರೊಳಗೆ ಪುಸ್ತಕವನ್ನು ಸುತ್ತಿಕೊಂಡು ಶನಿವಾರ ಮಧ್ಯಾಹ್ನ ಹೋದೆ. ಮಾಸ್ಟರು ಬಟ್ಟೆ ಬಿಡಿಸಿದರು. ಪುಸ್ತಕ ಮೇಜಿನ ಮೇಲೆ ಬಿತ್ತು. ಅವರು ಅದನ್ನು ಹಾವು ನೋಡಿದಂತೆ ನೋಡಿದರು.

'ಏನ್ ಸಾರ್ ಇದು?'

ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದ ಭಾಷಣವೆಲ್ಲ ಮರೆತುಹೋಯಿತು. 'ಅಂಗಿ ಇಲ್ಲ ಮಾಸ್ಟರ್ ಅದಕ್ಕೆ' ಎಂದೆ. 'ಒಂದು ಹೊಲಿದು ಹಾಕಿ.'

ಅವರು ಬೆತ್ತಲೆ ಪುಸ್ತಕವನ್ನು ತಿರುವಿ ತಿರುವಿ ನೋಡಿ, ಕುತ್ತಿಗೆಯ ಟೇಪು ತೆಗೆದು ಉದ್ದ ಅಗಲ ಅಳೆದು, 'ಬಿಟ್ಟೋಗಿ' ಎಂದರು. ಅಷ್ಟೇ. ಮನೆಗೆ ಬರುವಷ್ಟರಲ್ಲಿ ಆ ಒಂದು ಮಾತಿಗೆ ಏಳೆಂಟು ಅರ್ಥ ಹಚ್ಚಿದ್ದೆ, ಎಲ್ಲವೂ ಕೆಟ್ಟವೇ.

ಮುಂದಿನ ಶನಿವಾರ ಸಂದಿಯ ಬಾಯಲ್ಲೇ ಬಶೀರ್ ಸಾಬರು ಅಡ್ಡಗಟ್ಟಿದರು. 'ಅರೆ ಸಾಬ್, ನಮ್ ಮಾಸ್ಟರ್ ಕಿವುಡಾಗ್ಬಿಟ್ಟಿದ್ದಾನೆ. ನಿನ್ನೆ ಚಾಗೆ ಮೂರ್ ಸಲ ಕರ್ದೆ. ಹ್ಞೂಂ ಇಲ್ಲ, ಹಾಂ ಇಲ್ಲ.' ವಯಸ್ಸಾಯಿತು, ಕಿವಿಯ ನರವೇ ಇರಬೇಕು, ಯಾವ ಡಾಕ್ಟರಿಗೆ ತೋರಿಸುವುದು ಎಂದು ಲೆಕ್ಕ ಹಾಕುತ್ತಲೇ ಅಂಗಡಿಯ ಮೆಟ್ಟಿಲು ಹತ್ತಿದೆ.

ಬೆಡ್‌ಶೀಟು ಇರಲಿಲ್ಲ.

ನನ್ನ ಪ್ಯಾಂಟು ಇಸ್ತ್ರಿಯಾಗಿ ಕಾಗದದಲ್ಲಿ ಕೂತಿತ್ತು. ಅದರ ಪಕ್ಕದಲ್ಲಿ ಅದೇ ಬೂದು ಬಟ್ಟೆಯ ಉಳಿದ ತುಂಡಿನಲ್ಲಿ ಹೊಲಿದ ಅಂಗಿ ತೊಟ್ಟ ಪುಸ್ತಕ. ಮಾಸ್ಟರು ಕನ್ನಡಕ ಹಣೆಗೇರಿಸಿ ನನ್ನನ್ನು ಗದರಿಸಿದರು. 'ಏನ್ ಸಾರ್ ನೀವು, ಒಂದ್ ಮಾತು ಹೇಳ್ಬಾರ್ದಾ? ಮೊನ್ನೆ ಆ ತೊಟ್ಟಿಲ ಹತ್ರ ಬಂದ್ರೆ ನನಗೆ ಮೈಯೆಲ್ಲಾ ಬೆವರು. ಮುಚ್ಚಿಬಿಡೋಣ ಅಂದ್ಕೊಂಡೆ. ಆಗ್ಲಿಲ್ಲ. ಯಂತ್ರ ತುಳೀತಾನೇ ಇದ್ದೀನಿ, ಕಣ್ಣು ಪಕ್ಕದಲ್ಲಿ ಪುಸ್ತಕದ ಮೇಲೆ. ಮಗು ಏಳುತ್ತೋ ಇಲ್ವೋ, ಏಳುತ್ತೋ ಇಲ್ವೋ... ಎದ್ದು ನಕ್ಕುಬಿಡ್ತು ಸಾರ್!' ಎಂದು ಹೇಳಿ, ತಾವೂ ನಕ್ಕು, ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡರು. 'ಇನ್ನೂ ಇಪ್ಪತ್ತು ಪುಟ ಇದೆ. ಮುಂದೆ ಯಾರೂ ಸಾಯಲ್ಲ ತಾನೆ?'

'ಯಾರೂ ಇಲ್ಲ. ಮೂರು ಸಲ ನೋಡಿದ್ದೀನಿ.'

'ಎಮ್ಮೆ?'

'ಕೆಮ್ಮು ವಾಸಿಯಾಗುತ್ತೆ.'

ಅವರು ಅಳತೆ ಪುಸ್ತಕ ತೆರೆದು ಸುಬ್ಬರಾಯರ ಪುಟಕ್ಕೆ ಹೋದರು. ಪೆನ್ಸಿಲನ್ನು ನಾಲಿಗೆಗೆ ತಾಗಿಸಿ ಸ್ವಲ್ಪ ಹೊತ್ತು ಯೋಚಿಸಿದರು. 'ನಾನು ಪೂರ್ತಿ ಮುಗಿಸಿ, ಇನ್ನೊಂದ್ ಸಲ ಓದಿ, ಆಮೇಲೆ ಕೊಡ್ತೀನಿ ಅವರಿಗೆ' ಎಂದರು. 'ಅವರಿಗೆ ಆಗುತ್ತೆ.' ಆಮೇಲೆ, ಹುಡುಕಾಡುವ ಕಷ್ಟವೇ ಇಲ್ಲದೆ, ನನ್ನ ಪುಟ ತೆಗೆದು ಏನೋ ಬರೆದರು. ಏನೆಂದು ಈ ಸಲ ಕದ್ದು ನೋಡಲಿಲ್ಲ. ನೋಡುವ ಧೈರ್ಯವಾಗಲಿಲ್ಲ ಎಂದರೆ ಹೆಚ್ಚು ನಿಜ.

ಹಲಸೂರಿನವರೆಗೆ ನಡೆದೇ ಬಂದೆ. ಹೊಟ್ಟೆಯಲ್ಲಿ ಒಂದೇ ಒಂದು ಚಿಂತೆಯಿಲ್ಲದೆ ನಡೆಯುವುದು ಹೇಗಿರುತ್ತದೆಂದು ಆವತ್ತು ತಿಳಿಯಿತು. ಸ್ವಲ್ಪ ತೂಕ ತಪ್ಪಿದಂತಾಗುತ್ತದೆ.

ಸೋಮವಾರ ಬೆಳಿಗ್ಗೆ ಹೊಸ ಪ್ಯಾಂಟು ತೊಟ್ಟು, ಕಚೇರಿಯ ಬೀರುವಿನ ಬೀಗದ ಕೈಯನ್ನು ಬಲಜೇಬಿಗೆ ಹಾಕಲು ಹೋದೆ. ಕೈ ಒಳಕ್ಕೆ ಹೋಗಲೊಲ್ಲದು. ಬಾಗಿಲಲ್ಲಿ ನಿಂತು ತೊಡೆಯನ್ನು ಗೆಬರುತ್ತಿದ್ದವನನ್ನು ಕಂಡು ಶಾರದೆ, 'ಏನಾಯ್ತ್ರೀ?' ಎಂದು ಬಂದು ಬಗ್ಗಿ ನೋಡಿದಳು. ನಲವತ್ತು ವರ್ಷದಲ್ಲಿ ಒಂದು ಗುಂಡಿಮನೆಯನ್ನೂ ಓರೆ ಮಾಡದ ಮಾಣಿಕ್ಯಂ ಮಾಸ್ಟರು ಆ ಜೇಬಿನ ಬಾಯನ್ನು ಈ ತುದಿಯಿಂದ ಆ ತುದಿಯವರೆಗೆ, ಎಲ್ಲೂ ಗೆರೆ ತಪ್ಪದಂತೆ, ಸೊಗಸಾಗಿ ಹೊಲಿದು ಮುಚ್ಚಿಬಿಟ್ಟಿದ್ದರು.