ಬಚ್ಚಿಟ್ಟ ಹೆಲ್ಮೆಟ್

ಕೋವಿಡ್ ಬರುವುದಕ್ಕೆ ಹಿಂದಿನ ವರ್ಷ ನಾನು ಸಿಯಾಟಲ್‌ನ ದಕ್ಷಿಣಕ್ಕಿರುವ ಒಂದು ಸಣ್ಣ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಸಹಾಯಕ ಕೋಚ್ ಆಗಿದ್ದೆ. ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮೂರಿನ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುವ, ಓಡುವವನನ್ನು ಹಿಡಿದು ಕೆಡವುವ ಆಟ. ಪುತ್ತೂರಿನ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿ ಕಬಡ್ಡಿ ಕಲಿಸುತ್ತಿದ್ದವನು ಇದಕ್ಕೆ ಹೇಗೆ ಬಂದೆ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ಕಾರಣ ನನ್ನ ಹೆಂಡತಿ ಸುಮಾ.

ಅವಳಿಗೆ ಸಿಯಾಟಲ್‌ನ ಫ್ರೀಮಾಂಟ್ ಬಡಾವಣೆಯಲ್ಲಿ ಸಾಫ್ಟ್‌ವೇರ್ ಕೆಲಸ. ಅವಳ ವೀಸಾದ ಬಾಲ ಹಿಡಿದು ಬಂದ ನನಗೆ ದುಡಿಯುವ ಹಕ್ಕಿರಲಿಲ್ಲ. ಮೂರು ತಿಂಗಳು ಅಡುಗೆ ಮಾಡಿದೆ. ಸಾರಿಗೆ ತೆಂಗಿನಕಾಯಿ ಹಾಕಬೇಕೋ ಬೇಡವೋ ಎಂದು ಮೈಸೂರಿನವಳಾದ ಅವಳೊಡನೆ ಜಗಳವಾಡಿದೆ. ಕೊನೆಗೆ ಅವಳೇ ರೋಸಿಹೋಗಿ, "ಏನ್ರೀ, ದಿನಾ ಮನೇಲಿ ಕೂತು ನನ್ ತಲೆ ತಿನ್ನೋ ಬದ್ಲು ಯಾವ್ದಾದ್ರೂ ಗ್ರೌಂಡಿಗೆ ಹೋಗಿ ವಾಲಂಟಿಯರ್ ಮಾಡಿ" ಎಂದಳು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಆ ಕಾಲೇಜಿನ ಮೈದಾನಕ್ಕೆ ಹೋದೆ.

ಮೊದಲ ಎರಡು ವರ್ಷ ಕಬ್ಬಿಣದ ಅಟ್ಟಣಿಗೆ ಹತ್ತಿ ನಿಂತು ತಾಲೀಮಿನ ವಿಡಿಯೊ ತೆಗೆದೆ. ಮಳೆ ಬಂದರೆ ಕ್ಯಾಮೆರಾಕ್ಕೆ ಕೊಡೆ ಇತ್ತು, ನನಗಿರಲಿಲ್ಲ. ಆಮೇಲೆ ವಿದ್ಯಾರ್ಥಿ ವೀಸಾ ಪಡೆದು ಅಲ್ಲೇ ಎಂ.ಎಸ್. ಓದುತ್ತ ಗ್ರಾಜುಯೇಟ್ ಅಸಿಸ್ಟೆಂಟ್ ಆದೆ. ಹೆಸರು ದೊಡ್ಡದು, ಕೆಲಸ ಕೋನ್ ಹೊರುವುದು. ಆರನೆಯ ವರ್ಷ, ಕೆಲಸದ ಪರವಾನಗಿ ಕೈಗೆ ಬಂದ ಮೇಲೆ, ಸ್ಪೆಷಲ್ ಟೀಮ್ಸ್ ವಿಭಾಗದ ಸಹಾಯಕ ಕೋಚ್ ಆದೆ. ಚೆಂಡನ್ನು ಒದೆಯುವ ಹೊತ್ತಿಗೆ ಮಾತ್ರ ಕಣಕ್ಕಿಳಿಯುವ ಹುಡುಗರ ಉಸ್ತುವಾರಿ ಅದು. ಹುದ್ದೆ ವರ್ಷದ ಲೆಕ್ಕದ್ದು. ಹೆಡ್ ಕೋಚ್ ಕೆಲಸ ಕಳೆದುಕೊಂಡರೆ ಅವರ ಸಹಾಯಕರೆಲ್ಲ ಗಂಟುಮೂಟೆ ಕಟ್ಟಬೇಕೆಂಬುದು ಇಲ್ಲಿನ ರೂಢಿ.

ನನ್ನ ಹುಡುಗರಲ್ಲಿ ಕೋಡಿ ಎಂಬವನಿದ್ದ. ಬೆಟ್ಟಸಾಲಿನಾಚೆಯ ಯಾಕಿಮಾ ಕಡೆಯ ಸೇಬಿನ ತೋಟದ ಮನೆಯವನು. ಅವನು ಲಾಂಗ್ ಸ್ನ್ಯಾಪರ್, ಅಂದರೆ ಬಗ್ಗಿ ನಿಂತು ಎರಡು ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಿರುವವನ ಕೈಗೆ ಗುರಿಯಿಟ್ಟು ಎಸೆಯುವವನು; ಆ ಎಸೆತವೇ ಸ್ನ್ಯಾಪ್. ಈ ಕೆಲಸದವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ, ತಪ್ಪು ಮಾಡಿದ ದಿನ ಊರಿಗೆಲ್ಲ ಗೊತ್ತಾಗುತ್ತದೆ. ಕೋಡಿಗೆ ಆತುರ ಜಾಸ್ತಿ. ಅದನ್ನು ಕಳೆಯಲು ನನಗೆ ಗೊತ್ತಿದ್ದ ಒಂದೇ ಮದ್ದು ಕೊಟ್ಟೆ: ಒಂದೇ ಉಸಿರಿನಲ್ಲಿ ಮೆಲ್ಲಗೆ ಮೂರು ಸಲ "ಕಬಡ್ಡಿ" ಅನ್ನು, ಮೂರನೆಯದಕ್ಕೆ ಚೆಂಡು ಬಿಡು. ಅವನ ಬಾಯಲ್ಲಿ ಅದು "ಕಬಾಡಿ" ಆಯಿತು, ಆದರೆ ಚೆಂಡು ನೆಟ್ಟಗಾಯಿತು. ಕೆಲವೇ ವಾರಗಳಲ್ಲಿ ಇಡೀ ತಂಡ ಬಸ್ಸಿನಲ್ಲಿ ಉಸಿರು ಕಟ್ಟಿ ಕಬಾಡಿ ಕಬಾಡಿ ಎನ್ನುತ್ತ ಪಂದ್ಯ ಕಟ್ಟುತ್ತಿತ್ತು. ಗೆದ್ದವನಿಗೆ ಸುಮಾ ಕಟ್ಟಿಕೊಟ್ಟ ಚಿತ್ರಾನ್ನದಲ್ಲಿ ಹೆಚ್ಚಿನ ಪಾಲು. ಬಸ್ಸಿನ ಕಿಟಕಿಯಲ್ಲಿ ರೇನಿಯರ್ ಪರ್ವತ ಕಂಡ ದಿನ ಗೆಲ್ಲುತ್ತೇವೆಂದು ನಂಬಿದ್ದೆವು. ಆ ಬಸ್ಸಿನ ವಾಸನೆ ಇವತ್ತಿಗೂ ನನಗೆ ಬೇಕೆನಿಸುತ್ತದೆ.

ನವೆಂಬರಿನ ಕೊನೆಯ ಪಂದ್ಯ ನಮ್ಮದೇ ಮೈದಾನದಲ್ಲಿತ್ತು. ಕೋಡಿ ನಾಲ್ಕನೆಯ, ಕೊನೆಯ ವರ್ಷದವನು; ಆಟಗಾರನಾಗಿ ಅವನ ಜೀವನದ ಕೊನೆಯ ಪಂದ್ಯ. ನೋಡಲು ಅಪ್ಪ ಅಮ್ಮ ಬೆಟ್ಟ ದಾಟಿ ಬಂದಿದ್ದರು. ಹೆಡ್ ಕೋಚ್ ಡೇಲ್ ಬೆಳಿಗ್ಗೆಯೇ ನಮ್ಮನ್ನು ಕೂರಿಸಿಕೊಂಡು, ಇದನ್ನು ಸೋತರೆ ಸೋಮವಾರ ಯಾರಿಗೂ ಕೆಲಸವಿರುವುದಿಲ್ಲ ಎಂದು ನೇರವಾಗಿ ಹೇಳಿದ್ದರು.

ಮೂರನೆಯ ಕ್ವಾರ್ಟರ್‌ನಲ್ಲಿ, ಒದ್ದ ಚೆಂಡಿನ ಹಿಂದೆ ಓಡಿದ ಕೋಡಿ ಎದುರಾಳಿಯೊಬ್ಬನಿಗೆ ತಲೆ ಬಡಿದು ಬಿದ್ದ. ತಕ್ಷಣ ಎದ್ದ. "ಸರಿ ಇದ್ದೀಯಾ?" ಎಂದೆ. "ಐಯಾಮ್ ಗುಡ್, ಕೋಚ್" ಎಂದ. ಕಣದ ಅಂಚಿನ ಬಲೆಗೆ ಅಭ್ಯಾಸಕ್ಕೆಂದು ಒಂದು ಚೆಂಡು ಎಸೆಯಲು ಹೇಳಿ ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ಕಬಾಡಿ, ಕಬಾಡಿ, ಕಬಾಡಿ, ಕಬಾಡಿ. ನಾಲ್ಕು ಸಲ.

ಎರಡು ವರ್ಷದಲ್ಲಿ ಅವನು ಒಮ್ಮೆಯೂ ನಾಲ್ಕು ಸಲ ಅಂದವನಲ್ಲ. ತಲೆಗೆ ಪೆಟ್ಟಾಗಿರುವ ಅನುಮಾನ ಬಂದ ಮೇಲೆ ನಿಯಮದ ಪ್ರಕಾರ ಆಗಲೇ ಟ್ರೈನರ್‌ಗೆ ಹೇಳಬೇಕಿತ್ತು. ಆಟಗಾರರ ಆರೋಗ್ಯ ನೋಡಿಕೊಳ್ಳುವವರು ಅವರು. ಯಾರು ಆಡಬಾರದು ಎಂಬುದರಲ್ಲಿ ಅವರ ಮಾತೇ ಕೊನೆ. ನಾನು ಹೇಳಲಿಲ್ಲ. ಆಟದ ಬಿಸಿ, ಒಂದು ಹೆಚ್ಚಾದರೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಮುಂದಿನ ಒದೆತಕ್ಕೆ ಅವನನ್ನೇ ಕಳಿಸಿದೆ. ಚೆಂಡು ಗೆರೆ ಎಳೆದಂತೆ ಹೋಯಿತು. ನಿಜ ಹೇಳಬೇಕೆಂದರೆ, ನನಗೆ ಆಗ ಸಂತೋಷವೇ ಆಯಿತು.

ಹನ್ನೆರಡು ಸೆಕೆಂಡ್ ಉಳಿದಾಗ ನಾವು ಎರಡು ಅಂಕ ಹಿಂದಿದ್ದೆವು. ಕಂಬಗಳ ನಡುವೆ ಚೆಂಡು ಒದ್ದರೆ ಮೂರು ಅಂಕ, ಗೆಲುವು. ಡೇಲ್ ವಿರಾಮ ಕೇಳಿದರು. ಟ್ರೈನರ್ ಕಣದ ನಡುವೆ ಬೇರೊಬ್ಬನ ಮುರಿದ ಪಾದದ ಬಳಿ ಮಂಡಿಯೂರಿದ್ದರು. ಕೋಡಿ ಹೆಲ್ಮೆಟ್ ಪಕ್ಕಕ್ಕಿಟ್ಟು ಬಲೆಯ ಮುಂದೆ ಬಗ್ಗಿದ್ದ. ಕಬಾಡಿ ಎನ್ನಲು ಶುರು ಮಾಡಿದವನು ಮೂರಕ್ಕೆ ನಿಲ್ಲಲಿಲ್ಲ. ಐದಾಯಿತು, ಎಂಟಾಯಿತು, ಉಸಿರು ಕಡಿಯುವವರೆಗೂ ಹೇಳುತ್ತಲೇ ಹೋದ. ಚೆಂಡು ಕೈಯಲ್ಲೇ ಇತ್ತು.

ತಲೆಗೆ ಪೆಟ್ಟು ಬಿದ್ದವನ ಹೆಲ್ಮೆಟ್ ಬಚ್ಚಿಡುವುದು ಈ ಆಟದಲ್ಲಿ ಹಳೆಯ ಪದ್ಧತಿ. ಮಾತಿಗೆ ಬಗ್ಗದವನೂ ಹೆಲ್ಮೆಟ್ ಇಲ್ಲದೆ ಕಣಕ್ಕಿಳಿಯುವಂತಿಲ್ಲ. ನಾನು ಅದನ್ನು ಎತ್ತಿ ಮಳೆಯಂಗಿಯೊಳಗೆ ತುರುಕಿಕೊಂಡೆ.

"ಕೋಡಿ ಎಲ್ಲಿ?" ಎಂದರು ಡೇಲ್.

"ಆಡೋ ಸ್ಥಿತಿಯಲ್ಲಿಲ್ಲ."

"ಯಾರು ಹೇಳಿದ್ದು?"

"ನಾನು."

ಡೇಲ್ ನನ್ನ ಉಬ್ಬಿದ ಹೊಟ್ಟೆಯನ್ನು ನೋಡಿದರು. ಬದಲಿ ಆಟಗಾರನನ್ನು ಕರೆದರು. ಅವನು ಎಸೆದ ಚೆಂಡು ನೆಲಕ್ಕೆ ಬಡಿದು ಪುಟಿಯಿತು, ಒದೆಯುವವನ ಕಾಲಿಗೆ ಸಿಗಲೇ ಇಲ್ಲ. ಸೋತೆವು.

ಕೋಡಿ ನನ್ನೆದುರು ನಿಂತು ಅಳುತ್ತಿದ್ದ. "ಇದು ನನ್ನ ಕೊನೇ ಆಟ ಕೋಚ್, ನೀವು ಕಿತ್ಕೊಂಡ್ರಿ." ತಲೆಗೆ ಜೋರು ಪೆಟ್ಟಾಗಿದೆ ಎಂದು ಅವತ್ತು ಸಂಜೆಯೇ ಆಸ್ಪತ್ರೆಯಲ್ಲಿ ಗೊತ್ತಾಯಿತು. ಡೇಲ್ ನನಗೆ, "ನೀನು ಮಾಡಿದ್ದು ಸರಿ. ಆದ್ರೆ ಒಂದು ವಾರ ನನ್ ಹತ್ರ ಮಾತಾಡ್ಬೇಡ" ಎಂದರು. ಸೋಮವಾರ ಇಬ್ಬರೂ ರಟ್ಟಿನ ಡಬ್ಬಗಳಿಗೆ ಸಾಮಾನು ತುಂಬಿದೆವು, ಮಾತಾಡದೆ.

ಹೆಲ್ಮೆಟ್ ಮಳೆಯಂಗಿಯಲ್ಲೇ ಸುತ್ತಿಕೊಂಡು ಕಾರಿನ ಡಿಕ್ಕಿಯಲ್ಲಿ ಉಳಿದಿತ್ತು. ಹಿಂದಿರುಗಿಸಿ ಎಂದು ಕಾಲೇಜಿನಿಂದ ಎರಡು ಇಮೇಲ್ ಬಂದವು, ಉತ್ತರಿಸಲಿಲ್ಲ. "ಅಪ್ಪಾ, ಡಿಡ್ ಯೂ ಸ್ಟೀಲ್ ಇಟ್?" ಎಂದಳು ಇಲ್ಲೇ ಹುಟ್ಟಿದ ನನ್ನ ಪುಟ್ಟ ಮಗಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಗ್ಯಾರೇಜಿನ ಮೇಲಿನ ಕಪಾಟಿಗೆ ಸೇರಿಸಿದೆ. ಆಮೇಲೆ ಬೆಟ್ಟದಾಚೆ ಒಂದು ಕಾಲೇಜಿನಲ್ಲಿ ಕೆಲಸ ಹಿಡಿದೆ, ಈಗ ಮತ್ತೆ ಈಚೆ ಇನ್ನೊಂದರಲ್ಲಿದ್ದೇನೆ. ಹೋದಲ್ಲೆಲ್ಲ ಜನ ಈ ಕಥೆ ಕೇಳಿ ನನ್ನ ಬೆನ್ನು ತಟ್ಟಿದ್ದಾರೆ. ನಾಲ್ಕನೆಯ ಕಬಾಡಿಯ ವಿಷಯ ಯಾರಿಗೂ ಹೇಳಿರಲಿಲ್ಲ, ಸುಮಾಗೂ.

ಕಳೆದ ಬೇಸಿಗೆಯಲ್ಲಿ ಕೋಡಿ ಕಾಲ್ ಮಾಡಿದ. ಸಿಯಾಟಲ್‌ನ ಉತ್ತರಕ್ಕಿರುವ ಮುಕಿಲ್ಟಿಯೊದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಸಹಾಯಕ ಕೋಚ್ ಆಗಿ ಸೇರಿದ್ದನಂತೆ. ಅಲ್ಲಿನ ಫೆರ್ರಿ ಹಡಗಿನ ಕಟ್ಟೆಯ ಬೆಂಚಿನಲ್ಲಿ ಭೇಟಿಯಾದೆವು. ಗಡ್ಡ ಬಿಟ್ಟಿದ್ದ. ನನ್ನನ್ನು ಬಿಗಿಯಾಗಿ ಅಪ್ಪಿಕೊಂಡು, "ಅವತ್ತು ನೀವು ನನ್ನ ಉಳಿಸಿದ್ರಿ. ಅದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತು" ಎಂದ.

ಚೀಲದಿಂದ ಹೆಲ್ಮೆಟ್ ತೆಗೆದು ಅವನ ಕೈಗಿಟ್ಟೆ. ಆಮೇಲೆ ಎಲ್ಲ ಹೇಳಿದೆ. ನಾಲ್ಕು ಸಲ ಅಂದದ್ದು, ನಾನು ಕೇಳಿಸಿಕೊಂಡದ್ದು, ಆದರೂ ಕಳಿಸಿದ್ದು. ಹೇಳುವಾಗ ಅವನ ಮುಖ ನೋಡಲಾಗಲಿಲ್ಲ, ನಾಚಿಕೆಯಾಗಿತ್ತು.

ಹಡಗು ಕಾರುಗಳನ್ನು ತುಂಬಿಕೊಂಡು ಹೊರಡುವುದನ್ನು ಅವನು ನೋಡಿದ. ನಂತರ ಕೇಳಿದ: "ಆ ಸ್ನ್ಯಾಪ್ ನನಗೆ ನೆನಪೇ ಇಲ್ಲ. ಚೆನ್ನಾಗಿ ಬಂದಿತ್ತಾ?"

"ನೀನು ಎಸೆದದ್ದರಲ್ಲೆಲ್ಲ ಅದೇ ಚೆನ್ನಾಗಿತ್ತು."

ಅವನು ತಲೆಯಾಡಿಸಿದ. ಹೆಲ್ಮೆಟ್ಟನ್ನು ಒಮ್ಮೆ ತಿರುಗಿಸಿ ನೋಡಿ ನನ್ನ ತೊಡೆಯ ಮೇಲೆ ವಾಪಸ್ ಇಟ್ಟ. "ಇದು ನಿಮ್ಮ ಹತ್ರಾನೇ ಇರ್ಲಿ ಕೋಚ್. ಮುಂದಿನ ಸಲ ಹೆಲ್ಮೆಟ್ಟನ್ನ ಒಂದು ಸ್ನ್ಯಾಪ್ ಮೊದಲೇ ಕಿತ್ಕೊಳ್ಳಿ."

ಈಗ ಅದು ನನ್ನ ಆಫೀಸಿನ ಮೇಜಿನ ಮೇಲಿದೆ. ಆಟ ಕೈತಪ್ಪುವಾಗ ಹುಡುಗರ ಮುಖ ಎಲ್ಲರೂ ನೋಡುತ್ತಾರೆ. ಚೆಂಡು ನೆಟ್ಟಗೆ ಹೋಗುತ್ತಿರುವಾಗಲೂ ನೋಡುವುದೇ ಸಹಾಯಕ ಕೋಚ್‌ನ ಕೆಲಸ ಎಂದು ಕಲಿಯಲು ನನಗೆ ಇಷ್ಟು ಕಾಲ ಹಿಡಿಯಿತು. ಈ ಸೀಸನ್‌ನಲ್ಲಿ ಎರಡು ಹೆಲ್ಮೆಟ್ ಬಚ್ಚಿಟ್ಟೆ. ಅದರಲ್ಲೊಬ್ಬನಿಗೆ ಏನೂ ಆಗಿರಲಿಲ್ಲ ಎಂದು ಆಮೇಲೆ ತಿಳಿಯಿತು. ಅವನು ಇನ್ನೂ ನನ್ನೊಡನೆ ಮಾತು ಬಿಟ್ಟಿದ್ದಾನೆ.